ಬೂದಿ ಮುಟ್ಟಿದ ಕೈ

ಹೊಳೆಯ ದಂಡೆಗೊಂದು ಮಠ, ಮಠಕ್ಕೊಬ್ಬ ಅಜ್ಜ. ನಂಬಿದವರಿಗೆ ಇಷ್ಟು ಗುರುತು ಸಾಕು.

ಅಜ್ಜನ ಹೆಸರು ಹಾಲಯ್ಯ. ಕಣ್ಣು ಹೋಗಿ ಎಷ್ಟೋ ಕಾಲವಾಗಿತ್ತು. ನೀರನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಇದು ಬಾವಿಯದು, ಇದು ಹೊಳೆಯದು, ಇದು ಹೊಳೆಯದೇ ಆದರೂ ಮೇಲಿನ ಸವಳು ಹೊಲವನ್ನು ತೊಳೆದುಕೊಂಡು ಬಂದದ್ದು ಎಂದು ಹೇಳುತ್ತಿದ್ದರು.

ಮಠದ ಮೆಟ್ಟಿಲುಗಳು ಇಳಿದು ಮುಗಿಯುವಲ್ಲಿ ಹೊಳೆವ್ವ ಕೂತಿದ್ದಳು. ಎದೆಮಟ್ಟದ ಗುಂಡುಕಲ್ಲು. ಕಣ್ಣಿಲ್ಲ, ಮೂಗಿಲ್ಲ, ಆದರೂ ನೋಡುತ್ತಾಳೆ. ಅವಳ ಮುಂದಿನ ಮಗ್ಗುಲು ಮಠದ ಕಡೆಗೆ, ಹಿಂದಿನ ಮಗ್ಗುಲು ಮಡುವಿನ ಕಡೆಗೆ. ಆ ಮಡುವಿನ ಆಳ ಕಂಡವರಿಲ್ಲ. ಕಂಡವರು ಬಂದು ಹೇಳಿಲ್ಲ.

ಅಜ್ಜನಿಗೆ ಇಬ್ಬರು ಶಿಷ್ಯರು. ಕೊಟ್ರ ದಿನವೂ ಬೆಳಗ್ಗೆ ಅರಿಶಿನ ತೇಯ್ದು ಹೊಳೆವ್ವನ ಮೈಗೆ ಬಳಿಯುವವನು. ಯಮನೂರ ವಿಭೂತಿ ಮಾಡುವವನು. ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ, ಹಲಗೆಯ ಮೇಲೆ ಒತ್ತಿ ಒತ್ತಿ ಗಟ್ಟಿ ಮಾಡುವುದು ಅವನ ಸೇವೆ.

ಯಮನೂರನ ಬಲಗೈಗೆ ಕಿರುಬೆರಳಿರಲಿಲ್ಲ. ಚಿಕ್ಕವನಿದ್ದಾಗ ಗಾಣಕ್ಕೆ ಸಿಕ್ಕು ಹೋಗಿತ್ತು.

ಮಠದಲ್ಲಿ ಒಂದು ಹಳೆಯ ಮಾತಿತ್ತು: ಬೂದಿಯ ಕೈ ಅರಿಶಿನ ಮುಟ್ಟಬಾರದು. ಯಾಕೆಂದು ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ದಿನವೂ ಬೆಳಗ್ಗೆ ಅಜ್ಜ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು.

"ಅವ್ವ ಹ್ಯಾಂಗದಾಳ?"

"ಹಳದಿ ಅದಾಳ್ರಿ ಅಜ್ಜಾರ," ಎನ್ನುತ್ತಿದ್ದ ಕೊಟ್ರ.

"ಹಂಗಾರ ಎಲ್ಲಾ ಚಲೋ ಐತಿ," ಎಂದು ಅಜ್ಜ ಕೈಮುಗಿಯುತ್ತಿದ್ದರು.

ಒಂದು ಬೆಳಗ್ಗೆ ಯಮನೂರ ಬೂದಿ ಮೆತ್ತಿದ ಕೈಯಲ್ಲೇ ಮೆಟ್ಟಿಲಿಳಿದು ಬಂದ. ಬಾಯ ತುಂಬ ನಗು.

"ಕೊಟ್ರ, ಒಮ್ಮೆ ನಾ ಹಚ್ಚತೀನೋ. ನಾ ಮುಟ್ಟಿದ್ರ ನಿಮ್ಮವ್ವ ಹ್ಯಾಂಗ ನಾಚಿಕೋತಾಳ ನೋಡೀಯಂತ."

"ದೂರ ಸರಿಯಲೇ. ಬೂದಿ ಕೈ ಅರಿಷಿಣಕ್ಕ ತಾಗಬಾರದು ಅಂತ ಗೊತ್ತಿಲ್ಲೇನು?"

"ಯಾಕ ತಾಗಬಾರದು, ಹೇಳು ನೋಡೂಣು."

"ಬೂದಿ ಶಿವಂದು. ಅಂವ ಸುಡುಗಾಡದಾಂವ. ಅವ್ವ ಮುತ್ತೈದಿ. ಅದಕ್ಕ."

"ಮತ್ತ ಆ ಸುಡುಗಾಡದಾಂವಗ ಆಕಿ ಏನಾಗಬೇಕಲೇ? ಹೇಂತಿ ಅಲ್ಲೇನು?"

ಹೀಗೆಂದು ಯಮನೂರ ಅರಿಶಿನದ ಬಟ್ಟಲಿನ ಮೇಲೆ ಕೈ ಚಾಚಿದ. ಕೊಟ್ರನಿಗೆ ರೇಗಿತು. ಬಟ್ಟಲನ್ನು ಎದೆಗೆ ಅವಚಿಕೊಂಡು ಹೊಳೆವ್ವನ ಎದುರಿಗೇ ಅಂದುಬಿಟ್ಟ:

"ಹೊಳಿಪಾಲಾಗಿ ಹೋಗಲೇ ನೀ!"

"ಹೊಳಿಗೇ ಹೊಂಟೀನೋ ಮಾರಾಯ. ಆಚಿ ದಂಡಿಂದ ಕುಳ್ಳು ತರೂದೈತಿ," ಎಂದು ಯಮನೂರ ನಗುತ್ತಲೇ ಚರ್ಮ ಬಿಗಿದ ಹರಗೋಲು ಹತ್ತಿದ.

ಮೇಲೆ ಎಲ್ಲಿಯೋ ಮಳೆಯಾಗಿತ್ತು. ನಡುಹೊಳೆಯಲ್ಲಿ ಕೆಂಪು ನೀರು ಒಮ್ಮೆಲೇ ಎದ್ದು ಬಂತು.

ಹರಗೋಲನ್ನು ಹೊಳೆ ಸಂಜೆಗೆ ದಂಡೆಗೆ ತಂದು ಕೊಟ್ಟಿತು. ಯಮನೂರನನ್ನು ಕೊಡಲಿಲ್ಲ.

* * *

ಕರ್ಮ ಕಳೆದ ಮೇಲೆ ಅಜ್ಜ ಕೊಟ್ರನನ್ನು ಕರೆದರು.

"ನಾಳಿಂದ ಬೂದಿ ಕೆಲಸಾನೂ ನಿಂದ."

"ಅಜ್ಜಾರ, ಬೂದಿ ಕೈ ಅರಿಷಿಣ ಮುಟ್ಟಬಾರದು ಅಂತಾರಲ್ರಿ."

"ತೊಳಕೊಂಡು ಮುಟ್ಟು."

ಕೊಟ್ರ ಯಮನೂರನ ಜಾಗದಲ್ಲಿ ಕೂತ. ಯಮನೂರನ ಬಟ್ಟೆಯಲ್ಲಿ ಬೂದಿ ಸೋಸಿದ. ಯಮನೂರನ ಹಲಗೆಯ ಮೇಲೆ ಗಟ್ಟಿ ಒತ್ತಿದ. ಹಲಗೆ ಏನೋ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಚಾಪೆಯ ಹಾಗೆ. ಬಿಸಿಲಿಗೆ ಇರಬೇಕು ಅಂದುಕೊಂಡ.

ಆಮೇಲೆ ಹೊಳೆಯಲ್ಲಿ ಕೈ ತೊಳೆದು, ಅರಿಶಿನ ತೇಯ್ದು, ಹೊಳೆವ್ವನಿಗೆ ಬಳಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

ಹಳದಿ ಮೈಯ ಮೇಲೆ ಕೆಂಪಗೆ ಬೆರಳುಗಳು ಮೂಡಿದ್ದವು.

ಒಂದು ಹೆಬ್ಬೆರಳು. ಮೂರು ಬೆರಳು. ಕಿರುಬೆರಳಿನ ಜಾಗ ಖಾಲಿ.

ಕೊಟ್ರನ ಕಿವಿಯಲ್ಲಿ ಹೊಳೆಯ ಸದ್ದು ನಿಂತುಹೋಯಿತು. ತನ್ನ ಬಲಗೈಯನ್ನು ನೋಡಿಕೊಂಡ. ಅಲ್ಲಿ ಐದು ಬೆರಳೂ ಇದ್ದವು.

ಬೇವಿನ ಮರಕ್ಕೆ ಬೋರಲು ಕಟ್ಟಿದ್ದ ಹರಗೋಲು, ಗಾಳಿಯೇ ಇಲ್ಲದೆ, ಡೊಳ್ಳಿನ ಹಾಗೆ ಒಮ್ಮೆ ಧಮ್ ಎಂದಿತು.

"ಅವ್ವ ಹ್ಯಾಂಗದಾಳ?" ಮೇಲಿನಿಂದ ಅಜ್ಜ ಕೇಳಿದರು.

ಕೊಟ್ರ ಆ ಗುರುತಿನ ಮೇಲೆ ಮತ್ತೊಂದು ಸಲ ಅರಿಶಿನ ಬಳಿದ. ಅದು ಇನ್ನಷ್ಟು ಹರಡಿತು.

"ಹಳದಿ ಅದಾಳ್ರಿ," ಅಂದ.

ಅಜ್ಜ ಎಲ್ಲಾ ಚಲೋ ಐತಿ ಎನ್ನಲಿಲ್ಲ.

* * *

ತಪ್ಪು ಮಾಡಿದವನು ಮೊದಲು ಕೈ ತೊಳೆಯುತ್ತಾನೆ. ಕೊಟ್ರನೂ ತೊಳೆದ. ಬರೀ ನೀರಿಗೆ ಹೋಗುವ ಕಲೆ ಇದಲ್ಲ ಅನಿಸಿ ಬೂದಿ ಹಚ್ಚಿ ಉಜ್ಜಿದ. ಬೂದಿಗಿಂತ ಮಡಿ ಯಾವುದಿದೆ? ಶಿವನೇ ಮೈಗೆ ಬಳಿದುಕೊಳ್ಳುವ ವಸ್ತು. ಕಿಲುಬು ಹಿಡಿದ ಚರಿಗೆಯನ್ನು ಉಜ್ಜುವ ಹಾಗೆ ಉಜ್ಜಿದ.

ಮರುದಿನ ಅರಿಶಿನ ಮುಟ್ಟಿದರೆ ಬೆರಳಷ್ಟೇ ಅಲ್ಲ, ಇಡೀ ಅಂಗೈ ಕೆಂಪಾಯಿತು. ಕಿರುಬೆರಳೂ ಕೆಂಪಾಯಿತು.

'ಮೊದಲು ಅವನ ಕೈ ಮೂಡಿತ್ತು,' ಅಂದುಕೊಂಡ. 'ಈಗ ನನ್ನ ಕೈ ಮೂಡಿದೆ. ಅವ್ವ ಗುರುತು ಹಿಡಿದಳು.'

ಮತ್ತೆ ಬೂದಿ ಹಚ್ಚಿದ, ಮತ್ತೆ ಉಜ್ಜಿದ. ಅಂಗೈ ಮೊದಲು ನುಣ್ಣಗಾಯಿತು, ಆಮೇಲೆ ಒಡೆಯಿತು, ಆಮೇಲೆ ಉರಿಯಿತು. ಎಷ್ಟು ಉಜ್ಜಿದರೆ ಅಷ್ಟು ಕೆಂಪು.

ತೊಳೆದಷ್ಟೂ ಹೆಚ್ಚಾಗುವ ಕಲೆಯನ್ನು ಅವನು ಎಲ್ಲಿಯೂ ಕಂಡಿರಲಿಲ್ಲ.

ದಿನವೂ ಅಜ್ಜ ಕೇಳಿದರು. ದಿನವೂ ಅವನು ಹಳದಿ ಎಂದ.

ಇಷ್ಟರಲ್ಲಿ ಅಮಾವಾಸ್ಯೆ ಹತ್ತಿರ ಬಂತು. ಆ ಹೊಳೆಸಾಲಿನಲ್ಲಿ ಒಂದು ಪದ್ಧತಿ ಉಂಟು. ಹೊಳೆ ಯಾರ ಮಗನನ್ನು ಒಯ್ಯಿತೋ ಆ ತಾಯಿ ಮೊದಲ ಅಮಾವಾಸ್ಯೆಗೆ ಬಂದು ತನ್ನ ಕೈಯಿಂದ ಹೊಳೆವ್ವನಿಗೆ ಅರಿಶಿನ ಬಳಿಯಬೇಕು. ಆಗ ಹೊಳೆವ್ವ ಅವನನ್ನು ತನ್ನ ಮಗನೆಂದು ಉಡಿಯಲ್ಲಿ ಹಾಕಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಅವನು ಮಡುವಿನಲ್ಲಿ ನಿಂತೇ ಇರುತ್ತಾನೆ.

ಯಮನೂರನ ತಾಯಿ ಹುಲಿಗೆವ್ವ ಬರುವವಳಿದ್ದಳು.

ಆಕೆ ಬಂದು ಅವ್ವನ ಮೈಮೇಲಿನ ಕೆಂಪು ನೋಡಿ "ಇದು ಯಾರ ಕೈ?" ಎಂದು ಕೇಳಿದರೆ?

ಹಿಂದಿನ ದಿನ ಕೊಟ್ರ ಅಜ್ಜನ ಕಾಲಿಗೆ ಬಿದ್ದ.

"ಅಪ್ಪಣಿ ಕೊಡ್ರಿ ಅಜ್ಜಾರ."

"ಎಲ್ಲಿಗೆ ಹೊಂಟಿ?"

"ಹೊಳಿಗ್ರಿ."

"ನೀರು ತರಾಕೇನು?"

ಕೊಟ್ರ ಹಿಡಿದ ಕಾಲು ಬಿಡಲಿಲ್ಲ.

ಅಜ್ಜ ಕೈ ಚಾಚಿ ಅವನ ಅಂಗೈ ಹಿಡಿದರು. ಒಡೆದ ಚರ್ಮದ ಮೇಲೆ ಬೆರಳಾಡಿಸಿದರು. ಆ ಬೆರಳನ್ನು ಮೆಲ್ಲಗೆ ನಾಲಿಗೆಗೆ ಮುಟ್ಟಿಸಿದರು.

"ಹೂಂ," ಅಂದರು. "ಹೋಗು. ಬ್ಯಾಡ ಅನ್ನಾಂಗಿಲ್ಲ. ಹೋಗೂಕ್ಕಿಂತ ಮೊದಲ ಈ ಕುರುಡಗ ಒಂದು ಸಣ್ಣ ಕೆಲಸ ಮಾಡಿಕೊಟ್ಟು ಹೋಗು. ಮೂರು ಬಟ್ಟಲ ತಾ. ಒಂದರಾಗ ಹುಣಸಿ ರಸ. ಒಂದರಾಗ ಹೊಳಿ ನೀರು. ಒಂದರಾಗ ಬೂದಿ ನೆನಸಿದ ತಿಳಿ."

ಕೊಟ್ರ ತಂದಿಟ್ಟ.

ಅಜ್ಜ ಮೂರನ್ನೂ ನಾಲಿಗೆಯ ತುದಿಗೆ ಮುಟ್ಟಿಸಿದರು. "ಇದು ಹುಳಿ. ಇದು ಕ್ಷಾರ. ನಡುವಿಂದು ಹುಳಿನೂ ಅಲ್ಲ, ಕ್ಷಾರನೂ ಅಲ್ಲ. ಬರೇ ನೀರು. ಈಗ ಮೂರಕ್ಕೂ ಚಿಟಿಕಿ ಅರಿಷಿಣ ಹಾಕು. ನನಗ ಕಣ್ಣಿಲ್ಲ, ನೀ ನೋಡಿ ಹೇಳು. ಹುಳಿ ಯಾವ ಬಣ್ಣ?"

"ಹಳದ್ರಿ."

"ನೀರು?"

"ಹಳದೀನ."

"ಕ್ಷಾರ?"

ಕೊಟ್ರ ಬಟ್ಟಲಿನಿಂದ ಕೈ ಹಿಂದೆಗೆದ. ಬಟ್ಟಲಿನಲ್ಲಿ ರಕ್ತವಿತ್ತು.

"ಹಳದಿ ಅನ್ನು. ರೂಢಿ ಐತಲ್ಲ," ಅಂದರು ಅಜ್ಜ.

ಕೊಟ್ರ ಗಳಗಳನೆ ಅತ್ತ. ಕಟ್ಟಿಟ್ಟದ್ದೆಲ್ಲ ಒಡೆದು ಬಂತು. ನಾಲ್ಕು ಬೆರಳಿನ ಗುರುತು, ಉಜ್ಜಿದಷ್ಟೂ ಏರಿದ ಕೆಂಪು, ಹೊಳೆವ್ವನ ಮುಂದೆ ತಾನು ಆಡಿದ ಮಾತು, ನಾ ಮುಟ್ಟಿದ್ರ ನಿಮ್ಮವ್ವ ನಾಚಿಕೋತಾಳ ಎಂದ ಯಮನೂರನ ನಗು, ಎಲ್ಲ ಹೇಳಿದ.

"ಹೊಳಿಪಾಲಾಗು ಅಂದೆ ಅಜ್ಜಾರ. ಅವ್ವ ಕೇಳಿದ್ಲು. ಹಂಗ ಮಾಡಿದ್ಲು."

ಅಜ್ಜ ಎಲ್ಲ ಕೇಳಿದರು. ಕೊನೆಗೆ, "ಯಮನೂರನ ಹಲಗಿ ತಾ," ಅಂದರು.

ಕೊಟ್ರ ತಂದ.

"ಗಟ್ಟಿ ಒತ್ತೂ ಹಂಗ ಕೈ ಇಡು."

ಕೊಟ್ರ ಇಟ್ಟ. ವರುಷಗಟ್ಟಲೆ ಒಂದೇ ಕೈ ಒತ್ತಿ ಒತ್ತಿ ಹಲಗೆಯಲ್ಲಿ ಗುಳಿಗಳು ಬಿದ್ದಿದ್ದವು. ಗುಳಿಗಳಲ್ಲಿ ಒದ್ದೆ ಬೂದಿ ನಿಂತಿತ್ತು. ಅವನ ಬೆರಳುಗಳು ತಾವಾಗಿಯೇ ಅದರೊಳಗೆ ಇಳಿದು ಕೂತವು.

"ಯಾವ ಬೆರಳು ಹೊರಗ ಉಳೀತು?"

"...ಕಿರಿಬೆರಳ್ರಿ."

"ಹೂಂ."

"ಹಂಗಾರ ಅದು... ರಕ್ತ ಅಲ್ಲೇನ್ರಿ?"

"ಅಲ್ಲ, ಬೂದಿ. ಅವನ ಕೆಲಸ ನಿನ್ನ ಕೈಗೆ ಹತ್ತೈತಿ."

ಕೊಟ್ರ ಬೂದಿ ಮೆತ್ತಿದ ಬೆರಳುಗಳನ್ನು ಎತ್ತಿ ನೋಡಿದ. ಆಮೇಲೆ ಅವನಿಗೆ ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಬಂದದ್ದು ಒಳ್ಳೆಯದೇ. ಸಾಯಹೊರಟವನಿಗೆ ಸಿಟ್ಟು ಬರುವುದಿಲ್ಲ.

"ನಿಮಗ ಗೊತ್ತಿತ್ತಲ್ರಿ ಅಜ್ಜಾರ! ಬೂದಿ ತಾಗಿದ್ರ ಅರಿಷಿಣ ಕೆಂಪಾಗತೈತಿ ಅಂತ. ಮೊದಲ ಯಾಕ ಹೇಳಲಿಲ್ಲ?"

"ದಿನಾ ಕೇಳಿದೆ, ಏನು ಬಣ್ಣ ಅಂತ. ದಿನಾ ನೀ ಹಳದಿ ಅಂದಿ. ಕುರುಡ ನಾನು. ನೀ ಹೇಳಿದ್ದನ್ನ ನಂಬಬೇಕಲ್ಲಪ್ಪ."

ಕೊಟ್ರ ತಲೆ ತಗ್ಗಿಸಿದ.

"ನೀ ಬೂದಿ ಹಚ್ಚಿ ಬೂದಿ ತೊಳದಿ," ಅಂದರು ಅಜ್ಜ. "ಹುಳಿ ಸುಡತೈತಿ ಅಂತ ಎಲ್ಲಾರಿಗೂ ಗೊತ್ತು. ಕ್ಷಾರನೂ ಸುಡತೈತಿ. ಅದು ಮಡಿ ಮಡಿ ಅನಕೋಂತ ಸುಡತೈತಿ."

"ಹಂಗಾರ ನೀರಿನಾಗ ತೊಳದ್ರ ಹೋಗತೈತೇನ್ರಿ?"

"ನೀರು ಬಾಳ ಸಾವಕಾಶ. ಹುಳಿಗೂ ಕ್ಷಾರಕ್ಕೂ ನಡುವ ಮೆಟ್ಟಲ ಅದಾವ ಅಂತ ತಿಳಕೋ, ನಮ್ಮ ಹೊಳಿ ಮೆಟ್ಟಲ ಇದ್ದಂಗ. ಒಂದು ಬಟ್ಟಲ ಕ್ಷಾರಾನ ನೀರು ಬೆರಸಿ ಹತ್ತು ಬಟ್ಟಲ ಮಾಡಿದ್ರ ಒಂದ ಒಂದು ಮೆಟ್ಟಲ ಇಳೀತೈತಿ. ಇನ್ನೊಂದು ಇಳೀಬೇಕಂದ್ರ ನೂರು ಬಟ್ಟಲ. ಮತ್ತೊಂದಕ್ಕ ಸಾವಿರ."

"ಹಂಗಾರ ನನ್ನ ಮಾತಿಗೆ ಎಷ್ಟು ನೀರು ಬೇಕ್ರಿ?"

ಅಜ್ಜ ಕೆಂಪು ಬಟ್ಟಲನ್ನು ಅವನ ಮುಂದಕ್ಕೆ ಸರಿಸಿ, ಹುಣಸೆ ರಸದ ಬಟ್ಟಲನ್ನು ಕೈಗೆ ಕೊಟ್ಟರು.

"ಬೆರಳು ಅದ್ದಿ ಕ್ಷಾರದಾಗ ಹನಿ ಹನಿ ಬಿಡು. ಬಿಟ್ಟಾಗೊಮ್ಮೆ ಬಣ್ಣ ಹೇಳು."

ಕೊಟ್ರ ಬಿಟ್ಟ.

"ಈಗ?"

"ಕೆಂಪು."

"ಈಗ?"

"ಕೆಂಪ ಐತ್ರಿ."

"ಬಿಡು ಬಿಡು. ಈಗ?"

"ಕೆಂಪು."

ಬಟ್ಟಲಿನಿಂದ ಸಣ್ಣಗೆ ಗುಳ್ಳೆ ಎದ್ದವು. ನೀರಿನಡಿಯಲ್ಲಿ ಯಾರೋ ಉಸಿರು ಬಿಟ್ಟ ಹಾಗಿತ್ತು. ಕೊಟ್ರನ ಬೆರಳು ಅಲ್ಲೇ ನಿಂತಿತು. ಹೊರಗೆ ಹರಗೋಲು ಮತ್ತೆ ಧಮ್ ಎಂದಿತು.

"ನಿಲ್ಲಬ್ಯಾಡ," ಅಂದರು ಅಜ್ಜ. "ಈಗ?"

"ಕೆಂಪ್ರಿ. ಎಷ್ಟು ಹಾಕಿದ್ರೂ ಕೆಂಪ ಐತಿ."

"ಇನ್ನೊಂದು ಹನಿ."

ಹನಿ ಬಿತ್ತು. ಕೊಟ್ರ ನೋಡುತ್ತಿದ್ದ ಹಾಗೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಬಟ್ಟಲೆಲ್ಲ ಹಳದಿಯಾಯಿತು.

"ಅಜ್ಜಾರ! ಹಳದಿ!"

"ಯಾವ ಹನಿಗೆ ಆತು?"

"ಕಡೀ ಹನಿಗೆ."

"ಹಂಗಾರ ಮೊದಲ ಬಿದ್ದ ಹನಿಗಳು ಏನ್ ಮಾಡಿದ್ವು?"

ಕೊಟ್ರ ಹುಣಸೆ ರಸದ ಬಟ್ಟಲನ್ನು ಕೆಳಗಿಟ್ಟ.

"ಹರಗೋಲಿನ ಚರ್ಮ ಹಳೇದಾಗಿತ್ತು," ಅಂದರು ಅಜ್ಜ. "ಮ್ಯಾಲ ಮಳಿ ಆಗಿತ್ತು. ನಾನು ಕುಳ್ಳು ಮುಗದಾವ ಅಂದಿದ್ದೆ. ಅಂವ ಹಟಮಾರಿ. ನಿನ್ನ ಹನಿನೂ ಬಿದ್ದೈತಿ, ಇಲ್ಲ ಅನ್ನಾಂಗಿಲ್ಲ. ಆದ್ರ ಬಟ್ಟಲ ತುಂಬಿಸಿದಾಂವ ನೀನು ಅಂತ ಯಾರು ಹೇಳಿದ್ರು ನಿನಗ?"

ಮತ್ತೆ ಅಂದರು, "ಆ ಬಟ್ಟಲದಾಗ ಈಗ ಹುಳಿ ಐತೋ, ಕ್ಷಾರ ಐತೋ, ನಾಲಿಗಿಗೆ ಹಚ್ಚಿ ನೋಡು."

ಕೊಟ್ರ ಹಚ್ಚಿ ನೋಡಿದ. ಹುಳಿ ಇರಲಿಲ್ಲ. ಕ್ಷಾರದ ಜಾರೂ ಇರಲಿಲ್ಲ.

"ಉಪ್ಪುಪ್ಪು ಐತ್ರಿ," ಅಂದ.

"ನೆನಪಿರಲಿ. ನಾಳೆ ಹುಲಿಗೆವ್ವ ಬರ್ತಾಳ. ಹುಣಸಿ ರಸ ಅವ್ವನ ಕಡೆ ಇಟ್ಟಿರು. ಆಕಿ ಹೋಗೂತನಕ ನೀ ನನ್ನಾಂವ. ಆಮ್ಯಾಲ ಹೊಳಿಗೆ ಹೋಗೂದಿದ್ರ ಹೋಗು, ನಾ ತಡಿಯಾಂಗಿಲ್ಲ."

* * *

ಅಮಾವಾಸ್ಯೆಯ ಬೆಳಗು. ಕೊಟ್ರ ಹಳೆಯ ಕೆಂಪೆಲ್ಲ ಹೋಗುವ ಹಾಗೆ ಹೊಳೆವ್ವನನ್ನು ತೊಳೆದಿಟ್ಟಿದ್ದ. ಹೊಳೆಯ ಮೇಲೆ ಮಂಜು ಇಳಿದಿತ್ತು. ಆಚೆ ದಂಡೆಯೇ ಇಲ್ಲದ ಹಾಗೆ ಕಾಣುತ್ತಿತ್ತು.

ಹುಲಿಗೆವ್ವ ಒಬ್ಬಳೇ ಬಂದಳು. ಗಟ್ಟಿ ಹೆಂಗಸು, ಆದರೆ ಈಗ ಒಳಗೆ ಹುಳ ಹೊಡೆದ ಜೋಳದ ದಂಟಿನ ಹಾಗಿದ್ದಳು. ಮೆಟ್ಟಿಲ ಮೇಲೆ ಕೂತು, ಎದೆ ಗಟ್ಟಿ ಮಾಡಿಕೊಳ್ಳಲೆಂದೋ ಏನೋ, ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಅಗಿದದ್ದು ಗಂಟಲಲ್ಲಿ ಇಳಿಯಲಿಲ್ಲ, ಉಗುಳಿ ಬಾಯಿ ತೊಳೆದುಕೊಂಡಳು.

"ಅರಿಷಿಣ ಕೊಡಪ್ಪ," ಅಂದಳು.

ಕೊಟ್ರ ಬಟ್ಟಲು ಕೊಟ್ಟ.

ಹುಲಿಗೆವ್ವ ಬಟ್ಟಲನ್ನು ಹೊಳೆವ್ವನ ನೆತ್ತಿಯ ಮೇಲೆ ಸುರಿದಳು. ಅರಿಶಿನ ನಾಲ್ಕೂ ಕಡೆ ಇಳಿಯಿತು, ಈ ಮಗ್ಗುಲಿಗೂ, ಮಡುವಿನ ಮಗ್ಗುಲಿಗೂ. ಈ ಮಗ್ಗುಲನ್ನು ಆಕೆ ಅಂಗೈಯಿಂದ ಸವರಿದಳು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ, ಮೇಲಿನಿಂದ ಕೆಳಗೆ.

ಆಕೆಯ ತೋರುಬೆರಳು ಹೋದಲ್ಲೆಲ್ಲ ಕೆಂಪು ಗೆರೆ ಎದ್ದಿತು.

ಹುಲಿಗೆವ್ವ ನಿಂತಳು. ಬೆರಳನ್ನು ಕಣ್ಣೆದುರು ಹಿಡಿದಳು. ಕೆಂಪು.

"ಹಿಡದ್ಲು," ಅಂದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಅವ್ವ ನನ್ನ ಹಿಡದ್ಲು."

ಕೊಟ್ರನಿಗೆ ಅರ್ಥವಾಗಲಿಲ್ಲ.

"ಅಂವ ಹುಟ್ಟಿದಾಗಿಂದ ಅದ ಮಾತು ನಂದು," ಅಂದಳು ಹುಲಿಗೆವ್ವ, ಕಲ್ಲಿಗೆ ಹೇಳುವ ಹಾಗೆ. "ಹಾಲು ಚೆಲ್ಲಿದ್ರ ಹೊಳಿಪಾಲಾಗಲಿ ನಿನ್ನ. ಉಣ್ಣಾಕ ಬರಲಿಲ್ಲಂದ್ರ ಹೊಳಿಪಾಲಾಗಲಿ ನಿನ್ನ. ಹೊಳಿಗೆ ಹೋಗೂ ಹಿಂದಿನ ಸಂಜಿನೂ ಊರಿಗೆ ಬಂದಿದ್ದ. ರೊಟ್ಟಿ ಕಟ್ಟಿದ್ದು ಬಿಟ್ಟ ಓಡಿದ. ಬಾಗಲಾಗ ನಿಂತ ಒದರಿದೆ. ಬಾಯಾರೆ ಕೊಟ್ಟೆನೋ ಮಗನ್ನ! ಆಕಿ ಇಸಗೊಂಡ್ಲು!"

ಆಕೆ ಕೆಂಪು ಬೆರಳನ್ನು ಸೆರಗಿಗೆ ತಿಕ್ಕತೊಡಗಿದಳು. ತಿಕ್ಕಿದಳು, ತಿಕ್ಕಿದಳು. ಕಾಲು ಕಡೆಯ ಮೆಟ್ಟಿಲಿಗೆ ಇಳಿಯಿತು, ಮಡುವಿನ ಕಡೆಗೆ. ತನಗೇ ಗೊತ್ತಿಲ್ಲದ ಹಾಗೆ ಇಳಿಯಿತು.

ಆ ಇಳಿಯುವ ಕಾಲನ್ನು ಕೊಟ್ರ ಬಲ್ಲ. ನಿನ್ನೆಯವರೆಗೆ ಅದು ಅವನದೇ ಕಾಲಾಗಿತ್ತು.

ಅವನು ಮುಂದೆ ಬಂದು, ಬೂದಿಯಿಂದ ಒಡೆದ ತನ್ನ ಕೈಯನ್ನು ಆಕೆಯ ಗೆರೆಯ ಪಕ್ಕದಲ್ಲೇ ಹೊಳೆವ್ವನ ಮೇಲೆ ಒತ್ತಿ ತೆಗೆದ. ಐದು ಬೆರಳು ಕೆಂಪಗೆ ಮೂಡಿದವು.

"ನಾನೂ ಅಂದೀನಿ ಹುಲಿಗೆವ್ವ."

"ಏನಂದಿ?"

"ಹೊಳಿಪಾಲಾಗು ಅಂದೆ. ಅವತ್ತ ಮುಂಜಾನೆ. ಇಲ್ಲೇ ನಿಂತು. ಅವ್ವನ ಮುಂದ."

ಹುಲಿಗೆವ್ವ ಅವನನ್ನು ನೋಡಿದಳು.

ಆಮೇಲೆ ಕೈಯೆತ್ತಿ ಅವನ ಕೆನ್ನೆಗೆ ಬಾರಿಸಿದಳು.

ಕೊಟ್ರ ಅಲ್ಲಾಡಲಿಲ್ಲ. ಎರಡನೆಯದಕ್ಕೆ ಎತ್ತಿದ ಕೈ ಹಾಗೆಯೇ ನಿಂತಿತು. ಅದು ಇಳಿದು ಅವನ ತಲೆಯ ಮೇಲೆ ಬಂತು, ಕೂದಲು ಹಿಡಿಯಿತು, ಎದೆಗೆ ಎಳೆದುಕೊಂಡಿತು.

"ಅಂವ ಏನಂದ?" ಕೇಳಿದಳು. "ನೀ ಹಂಗ ಅಂದಾಗ ಏನಂದ ನನ್ನ ಮಗ?"

"ನಕ್ಕ. ಹೊಳಿಗೇ ಹೊಂಟೀನೋ ಮಾರಾಯ ಅಂದ."

"ನನ್ನ ಮುಂದನೂ ನಗತಿದ್ದ," ಅಂದಳು ಹುಲಿಗೆವ್ವ. "ಹೋಗಿ ಸಂಜೀಕ ಬರ್ತೀನಿ ಬೇ, ಅನ್ನುತಿದ್ದ."

ಇಬ್ಬರೂ ಅತ್ತರು. ಹೊಳೆವ್ವ ನೋಡುತ್ತ ಕೂತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಕೊಟ್ರ ಹುಣಸೆ ರಸದ ಬಟ್ಟಲು ತೆಗೆದುಕೊಂಡ. "ಸುಣ್ಣದ ಬೆರಳು ಕೊಡು ಬೇ," ಅಂದ. ಆಕೆ ಮಗುವಿನ ಹಾಗೆ ಕೊಟ್ಟಳು. ಹನಿ ಬಿಟ್ಟ. ಕೆಂಪು. ಹನಿ ಬಿಟ್ಟ. ಕೆಂಪು.

"ಹೋಗಾಂಗಿಲ್ಲೋ ಇದು."

"ತಡಿ ಬೇ. ಇನ್ನೊಂದು ಹನಿ."

ಬೆರಳು ಹಳದಿಯಾಯಿತು.

ಹುಲಿಗೆವ್ವ ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು, ಅವನ ಅಂಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ತಾನೇ ಹನಿ ಬಿಡತೊಡಗಿದಳು. ಒಡೆದ ಚರ್ಮಕ್ಕೆ ಹುಳಿ ತಾಗಿ ಕೊಟ್ರ "ಸ್ಸ್" ಎಂದ.

"ಉರೀತೈತೇನೋ?"

"ಉರೀಲಿ ಬೇ."

ಅವನ ತುಟಿಯ ಮೇಲೆ ಕಣ್ಣೀರು ಇಳಿದಿತ್ತು. ನಾಲಿಗೆಗೆ ತಾಗಿತು. ಆ ರುಚಿ ನಿನ್ನೆಯದೇ.

* * *

ಹುಲಿಗೆವ್ವ ಮಡುವಿಗೆ ಕೈಮುಗಿದು, "ಉಡಿಯಾಗ ಹಾಕ್ಕೋ ತಾಯಿ, ನಿನ್ನ ಮಗಾ ಅಂವ," ಎಂದು ಹೇಳಿ ಮೆಟ್ಟಿಲೇರಿ ಹೋದಳು. ಹೋಗುವಾಗ ಹೊರಳಿ ನೋಡಿ, "ಅಮಾಸಿ ಅಮಾಸಿಗೆ ಊರಿಗೆ ಬಾ, ರೊಟ್ಟಿ ಬಡಿದಿರ್ತೀನಿ," ಅಂದಳು. "ಬರಲಿಲ್ಲಂದ್ರ..." ಎಂದು ಶುರುಮಾಡಿ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಹೊರಟುಹೋದಳು.

ಮೆಟ್ಟಿಲ ಮೇಲೆ ಕೋಲೂರುವ ಸದ್ದಾಯಿತು. ಹಾಲಯ್ಯಜ್ಜ ಬಂದು ತಮ್ಮ ಜಾಗದಲ್ಲಿ ಕೂತರು.

"ಹೊಳಿಗೆ ಹೊಂಟಿದ್ದಿ. ಹೋಗಲಿಲ್ಲೇನು?"

"ಬೂದಿ ಸೋಸೂದೈತ್ರಿ ಅಜ್ಜಾರ," ಅಂದ ಕೊಟ್ರ.

"ಹೂಂ. ಅವ್ವ ಹ್ಯಾಂಗದಾಳ?"

"ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಕೆಂಪು. ಹುಲಿಗೆವ್ವನ ಗೆರಿ ಒಂದು. ನಂದು ಅಂಗೈ ಒಂದು."

"ಅಷ್ಟ ಏನು?"

ಅಷ್ಟೇ ಎನ್ನಲು ಹೊರಟವನು ಒಮ್ಮೆ ನೋಡಿಯೇ ಹೇಳೋಣವೆಂದು ಹೊಳೆವ್ವನ ನೆತ್ತಿಯ ಮೇಲೆ ಬಾಗಿದ. ಮಂಜು ಸರಿದಿತ್ತು. ಮಡುವಿನ ನೀರು ಅಲ್ಲಾಡದೆ ನಿಂತಿತ್ತು. ಕಲ್ಲಿನ ಹಿಂದಿನ ಮಗ್ಗುಲು, ಯಾವ ಮೆಟ್ಟಿಲೂ ಇಲ್ಲದ, ಯಾರೂ ನಿಲ್ಲಲಾರದ ಆ ಮಗ್ಗುಲು, ನೀರಿನಲ್ಲಿ ಕನ್ನಡಿ ಹಿಡಿದಷ್ಟು ಚೊಕ್ಕವಾಗಿ ಕಂಡಿತು.

ಅಲ್ಲಿಗೂ ಅರಿಶಿನ ಇಳಿದಿತ್ತು. ಅರಿಶಿನದ ಮೇಲೆ ಒಂದು ಗುರುತಿತ್ತು. ನೀರಿನೊಳಗಿಂದ ಯಾರೋ ಮೇಲೆ ಕೈಚಾಚಿ ಮೆಲ್ಲಗೆ ಮುಟ್ಟಿದ ಹಾಗೆ.

ಕೊಟ್ರ ಉಸಿರು ಹಿಡಿದು ನೋಡಿದ. ಅವನಿಗೆ ಹೆದರಿಕೆಯಾಯಿತು. ಆದರೆ ಓಡುವ ಹೆದರಿಕೆಯಲ್ಲ, ಗರ್ಭಗುಡಿಯ ಹೊಸ್ತಿಲಲ್ಲಿ ಆಗುತ್ತದಲ್ಲ, ಅಂಥದ್ದು.

"ಅಜ್ಜಾರ, ಹಿಂದಿನ ಮಗ್ಗಲಕ... ಮಡುವಿನ ಕಡೆ..."

"ಏನೈತಿ?"

"ಬೆರಳ್ರಿ. ಹೆಬ್ಬೆರಳು, ಮತ್ತ ಮೂರು ಬೆರಳು."

"ಕಿರಿಬೆರಳು?"

"ಇಲ್ಲ."

"ಯಾವ ಬಣ್ಣ?"

ಕೊಟ್ರ ಈ ಸಲ ಇದ್ದದ್ದನ್ನೇ ಹೇಳಿದ.

"ಕೆಂಪು."

ಅಜ್ಜ ಕಾಣದ ಕಣ್ಣುಗಳನ್ನು ಹೊಳೆಯ ಕಡೆಗೆ ತಿರುಗಿಸಿದರು. ಮುಖದ ತುಂಬ ನಗು ಹರಡಿತು. ಕೈಯೆತ್ತಿ ಮುಗಿದರು.

"ಅಂತೂ ಮುಟ್ಟೇ ಬಿಟ್ನಲ್ಲೋ, ಕಳ್ಳ."